ಪುನರಾವರ್ತನೆಗೆ ಅಂಕವೆಷ್ಟು? – ಪಾತ್ರಾಭಿನಯದ ಆಟಗಳಿಂದ ಒಂದು ಪಾಠ

ಒಮ್ಮೆ ಮಾಡಿದ್ದನ್ನೇ ಮತ್ತೆ ಮಾಡಿದ ಮಗುವಿಗೆ ಮತ್ತೆ ಅಂಕ ನೀಡಬೇಕೆ? ಭಾಷಾ ತರಗತಿಯ ಈ ನಿತ್ಯದ ಪ್ರಶ್ನೆಯನ್ನು ಪಾತ್ರಾಭಿನಯದ ಮೇಜಿನಾಟಗಳನ್ನು ರೂಪಿಸಿದವರೂ ಎದುರಿಸಿದ್ದಾರೆ. ಅವರು ಕಂಡುಕೊಂಡ ಉತ್ತರಗಳು ನಮಗೂ ಉಪಯುಕ್ತವಾಗಿವೆ.

ಆಟದ ಸ್ವರೂಪ

ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರಚಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ 1974ರಲ್ಲಿ ಪ್ರಕಟವಾಯಿತು. ಇದರಲ್ಲಿ ಸೂತ್ರಧಾರನು ಸನ್ನಿವೇಶವನ್ನು ವರ್ಣಿಸುತ್ತಾನೆ. ಆಟಗಾರರು ತಮ್ಮ ಪಾತ್ರಗಳ ನಡೆಯನ್ನು ಹೇಳಿ ದಾಳ ಉರುಳಿಸುತ್ತಾರೆ. ಎದುರಾಳಿಯನ್ನು ಗೆದ್ದರೆ ಅನುಭವಾಂಕ ದೊರೆಯುತ್ತದೆ. ಅಂಕಗಳು ನಿಗದಿತ ಮೊತ್ತವನ್ನು ಮುಟ್ಟಿದಾಗ ಪಾತ್ರವು ಮೇಲಿನ ಹಂತಕ್ಕೇರುತ್ತದೆ.

ಮೂರು ಕ್ರಮಗಳು

1. ಸ್ಥಿರ ಅಂಕ: ಈ ಆಟದ 2014ರ ಆವೃತ್ತಿಯಲ್ಲಿ ಗಾಬ್ಲಿನ್ ಎಂಬ ಕ್ಷುದ್ರಜೀವಿಯನ್ನು ಎಷ್ಟು ಬಾರಿ ಗೆದ್ದರೂ ಪ್ರತಿಸಲ 50 ಅಂಕ. ಆದರೆ ಒಂದರಿಂದ ಎರಡನೆಯ ಹಂತಕ್ಕೇರಲು 300 ಅಂಕ ಸಾಕಾದರೆ, ನಾಲ್ಕರಿಂದ ಐದಕ್ಕೇರಲು ಮತ್ತೆ 3,800 ಅಂಕ ಬೇಕು. ಒಂಟಿ ಪಾತ್ರಕ್ಕೆ ಮೊದಲ ಏರಿಕೆಗೆ ಆರು ಗಾಬ್ಲಿನ್‌ಗಳು, ನಂತರದ ಆ ಏರಿಕೆಗೆ 76! ಸುಲಭದ ಗೆಲುವನ್ನೇ ನೆಚ್ಚಿದವನ ಪ್ರಗತಿ ತಾನಾಗಿ ಕುಂಠಿತವಾಗುತ್ತದೆ.

2. ಸಾಪೇಕ್ಷ ಅಂಕ: 2000ದ ಆವೃತ್ತಿಯಲ್ಲಿ ಪಾತ್ರವು ಮೇಲೇರಿದಂತೆ ಅದೇ ಎದುರಾಳಿಯ ಬೆಲೆ ಇಳಿಯುತ್ತದೆ, ತೀರ ದುರ್ಬಲನನ್ನು ಗೆದ್ದರೆ ಅಂಕವೇ ಇಲ್ಲ.

3. ಕೌಶಲದ ಗುರುತು: 1978ರ ‘ರೂನ್‌ಕ್ವೆಸ್ಟ್’ ಆಟದಲ್ಲಿ ಯಶಸ್ವಿಯಾಗಿ ಬಳಸಿದ ಕೌಶಲಕ್ಕೆ ಒಂದು ಗುರುತು ಹಾಕುತ್ತಾರೆ. ಸಾಹಸ ಮುಗಿದ ಬಳಿಕ ದಾಳ ಹಾಕಿ, ಆ ಕೌಶಲ ಬೆಳೆಯಿತೇ ಎಂದು ನೋಡುತ್ತಾರೆ. ಕೌಶಲ ಕಡಿಮೆಯಿದ್ದಷ್ಟೂ ಬೆಳೆಯುವ ಅವಕಾಶ ಹೆಚ್ಚು.

ಓಡಿಹೋದ ಎದುರಾಳಿ ಮರಳಿ ಬಂದರೆ? ವಿವೇಕಿಯಾದ ಸೂತ್ರಧಾರನು ಸನ್ನಿವೇಶ ಬದಲಾಗಿದೆಯೇ ಎಂದು ನೋಡುತ್ತಾನೆ. ಹೊಸ ತಾಣ, ಹೊಸ ಉಪಾಯ ಇದ್ದರೆ ಅದು ಹೊಸ ಸವಾಲು. ಇಲ್ಲವಾದರೆ ಹಳೆಯ ಗೆಲುವಿನ ನಕಲು.

ತರಗತಿಯಲ್ಲಿ ಅನ್ವಯ

ಮನೆಯಲ್ಲಿ ತುಳು, ಬೀದಿಯಲ್ಲಿ ಮಲಯಾಳಂ ಆಡುವ ಕಾಸರಗೋಡಿನ ಮಗುವಿಗಾಗಲಿ, ಸುತ್ತಲೂ ಮರಾಠಿ ಕೇಳುವ ಜತ್ತದ ಮಗುವಿಗಾಗಲಿ ಬರೆಹದ ಕನ್ನಡ ಎದುರಾಗುವುದು ಹೆಚ್ಚಾಗಿ ಶಾಲೆಯಲ್ಲಿಯೇ. ಆದುದರಿಂದ ಪುನರಾವರ್ತನೆಯನ್ನು ಬಿಡುವಂತಿಲ್ಲ. ಆದರೆ ಬಾಯಿಪಾಠದ ಪದ್ಯಕ್ಕೇ ಪದೇಪದೇ ಅಂಕ ಕೊಟ್ಟರೆ ಮಗು ಹೊಸ ಪಾಠಕ್ಕೆ ಕೈಹಾಕುವುದಿಲ್ಲ. ‘ವಿದ್ಯಾರ್ಥಿ’ ಎಂಬ ಪದವನ್ನು ಮೊದಲು ಓದಿದಾಗ, ಉಕ್ತಲೇಖನದಲ್ಲಿ ಒತ್ತು ತಪ್ಪದೆ ಬರೆದಾಗ, ಸ್ವಂತ ವಾಕ್ಯದಲ್ಲಿ ಬಳಸಿದಾಗ – ಮೂರೂ ಸಲ ಅಂಕ ಸಲ್ಲಬೇಕು. ಪದ ಒಂದೇ ಆದರೂ ಸವಾಲು ಬೇರೆ. ಅದೇ ಪಟ್ಟಿಯಿಂದ ಅದನ್ನೇ ಮತ್ತೆ ಓದಿದರೆ ಮೆಚ್ಚುಗೆಯ ಮಾತು ಸಾಕು.

ಹಿಂದುಳಿದ ಮಗುವನ್ನು ಅದರದೇ ನಿನ್ನೆಯ ಸಾಧನೆಯೊಡನೆ ಹೋಲಿಸಿರಿ. ಹತ್ತು ತಪ್ಪು ಆರಕ್ಕಿಳಿದಿದ್ದರೆ ಅದು ಗೆಲುವೇ, ಅದನ್ನು ದಾಖಲಿಸಿರಿ.