ಯುರೋಪಿನ ಕಾಡಿಗೆ ಕೆಸರಿನ ಸಾಕ್ಷಿ

ಆಗಸ್ಟ್ ಬಂತೆಂದರೆ ಉತ್ತರ ಜರ್ಮನಿಯ ಲ್ಯೂನೆಬರ್ಗ್ ಬಯಲಿನಲ್ಲಿ ಹೆದರ್ ಪೊದೆಗಳು ಕಣ್ಣು ಹಾಯುವಷ್ಟು ದೂರ ನೇರಳೆ ಹೂ ಬಿಡುತ್ತವೆ. ನೋಡಿದವರು ಅದನ್ನು ನಿಸರ್ಗವೇ ಹಾಸಿದ ಹಾಸು ಎಂದುಕೊಳ್ಳುತ್ತಾರೆ. ಆದರೆ ಅಲ್ಲಿ ಕುರಿ ಮೇಯಿಸುವುದನ್ನು ಬಿಟ್ಟರೆ ಕೆಲವೇ ದಶಕಗಳಲ್ಲಿ ಬರ್ಚ್, ಪೈನ್ ಮರಗಳೆದ್ದು ಹೆದರ್ ಮುಚ್ಚಿಹೋಗುತ್ತದೆ. ಮರ ಕಡಿದು, ಬೆಂಕಿ ಹಾಕಿ, ಮೇಲ್ಮಣ್ಣನ್ನು ಬೇರು ಸಮೇತ ಕೆತ್ತಿ ಕೊಟ್ಟಿಗೆಗೆ ಹಾಸಿ, ಅದನ್ನೇ ಗೊಬ್ಬರವಾಗಿ ಹೊಲಕ್ಕೆ ಹೊತ್ತು, ರೈತರು ಶತಮಾನಗಟ್ಟಲೆ ಉಳಿಸಿಕೊಂಡು ಬಂದ ಬಯಲು ಅದು. ಯುರೋಪಿನ ಬಹುಪಾಲು ಹಸಿರಿನ ಕಥೆ ಹೀಗೇ ಇದೆ. ಯಾವ ಮರಗಳು ಬದುಕಿ ಉಳಿಯಬೇಕು ಎಂಬುದನ್ನು ಹವಾಮಾನ ತೀರ್ಮಾನಿಸಿತು. ಉಳಿದವು ಎಲ್ಲಿ, ಎಷ್ಟು, ಯಾವುದರ ಪಕ್ಕ ನಿಲ್ಲಬೇಕು ಎಂಬುದರಲ್ಲಿ ಸುಮಾರು ಆರು ಸಾವಿರ ವರ್ಷಗಳಿಂದ ಮನುಷ್ಯನ ಕೈಯಿದೆ.

ಹವಾಮಾನದ ಪಾಲು ಸಣ್ಣದಲ್ಲ. ಟ್ಯೂಲಿಪ್ ಮರ, ಮ್ಯಾಗ್ನೋಲಿಯ, ಹೆಮ್ಲಾಕ್ ಇವೆಲ್ಲ ಒಂದು ಕಾಲಕ್ಕೆ ಯುರೋಪಿನಲ್ಲೂ ಇದ್ದವು, ಪಳೆಯುಳಿಕೆಗಳು ಸಿಕ್ಕಿವೆ. ಮೇಲಿಂದ ಮೇಲೆ ಬಂದ ಹಿಮಯುಗಗಳು ಅವನ್ನು ಅಳಿಸಿದವು. ಅಮೆರಿಕದಲ್ಲಿ ಅಪಲೇಶಿಯನ್ ಬೆಟ್ಟಸಾಲು ಉತ್ತರದಿಂದ ದಕ್ಷಿಣಕ್ಕೆ ಚಾಚಿದೆ, ಚಳಿ ಹೆಚ್ಚಿದಾಗ ಮರಗಳ ಸಂತತಿ ದಕ್ಷಿಣಕ್ಕೆ ಸರಿಯಲು ದಾರಿಯಿತ್ತು. ಯುರೋಪಿನಲ್ಲಿ ಪಿರನೀಸ್, ಆಲ್ಪ್ಸ್ ಪರ್ವತಗಳು ಪೂರ್ವ-ಪಶ್ಚಿಮವಾಗಿ ಗೋಡೆಯಂತೆ ಅಡ್ಡ ನಿಂತಿವೆ, ಅದರಾಚೆ ಮೆಡಿಟರೇನಿಯನ್ ಸಮುದ್ರ. ಸುಮಾರು 21,000 ವರ್ಷಗಳ ಹಿಂದೆ ಸ್ಕ್ಯಾಂಡಿನೇವಿಯದ ಮೇಲೆ ಕಿಲೋಮೀಟರುಗಟ್ಟಲೆ ದಪ್ಪದ ಹಿಮವಿದ್ದಾಗ ಓಕ್, ಎಲ್ಮ್‌ನಂಥ ಮರಗಳು ಹೆಚ್ಚಾಗಿ ಸ್ಪೇನ್, ಇಟಲಿ, ಬಾಲ್ಕನ್ ನಾಡುಗಳ ಬೆಚ್ಚನೆಯ ಕಣಿವೆಗಳಲ್ಲಿ ಜೀವ ಹಿಡಿದುಕೊಂಡಿದ್ದವು. 11,700 ವರ್ಷಗಳ ಹಿಂದೆ ಬಿಸುಪು ಮರಳಿದಾಗ ಮತ್ತೆ ಉತ್ತರಕ್ಕೆ ಹಬ್ಬಿದವು.

ಇದೆಲ್ಲ ಗೊತ್ತಾದದ್ದು ಪರಾಗದಿಂದ. ಜೌಗು ನೆಲದ ಕೆಸರು ವರ್ಷವರ್ಷವೂ ಪದರ ಕಟ್ಟುತ್ತದೆ. ಗಾಳಿಯಲ್ಲಿ ತೇಲಿಬಂದ ಪರಾಗ ಅದರಲ್ಲಿ ಹೂತುಹೋಗುತ್ತದೆ. ಪರಾಗದ ಕವಚ ಎಷ್ಟು ಗಟ್ಟಿಯೆಂದರೆ, ಕೆಸರನ್ನು ಆಮ್ಲದಲ್ಲಿ ಕರಗಿಸಿದರೂ ಅದು ಕರಗುವುದಿಲ್ಲ. ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಪೈನ್ ಪರಾಗ ಎರಡು ಗಾಳಿಚೀಲ ಅಂಟಿಸಿಕೊಂಡ ಗುಂಡಿನಂತೆ ಕಾಣುತ್ತದೆ. ಒಮ್ಮೆ ನೋಡಿದವರು ಮರೆಯುವುದಿಲ್ಲ. ಸ್ವೀಡನ್ನಿನ ಲೆನಾರ್ಟ್ ಫಾನ್ ಪೋಸ್ಟ್ ಪದರ ಪದರದ ಪರಾಗ ಎಣಿಸಿ ಕಾಡಿನ ಚರಿತ್ರೆ ಬರೆಯಬಹುದೆಂದು 1916ರಲ್ಲಿ ತೋರಿಸಿದ. ವಾಯವ್ಯ ಯುರೋಪಿನಲ್ಲಿ ಹೀಗೆ ಎಣಿಸಿದಾಗ, ಸುಮಾರು ಆರು ಸಾವಿರ ವರ್ಷಗಳ ಹಿಂದಿನ ಪದರದಲ್ಲಿ ಎಲ್ಮ್ ಪರಾಗ ಹಠಾತ್ತಾಗಿ ಕುಸಿಯುತ್ತದೆ. ಅದೇ ಆಸುಪಾಸಿನಲ್ಲಿ ಧಾನ್ಯದ ಪರಾಗ ಕಾಣಿಸಿಕೊಳ್ಳುತ್ತದೆ. ಜೊತೆಗೆ ತುಳಿದ ಬಯಲಿನಲ್ಲಿ ಬೆಳೆಯುವ ಒಂದು ಕಳೆಯ ಪರಾಗವೂ ಸಿಗುತ್ತದೆ. ನಮ್ಮ ಅಂಗಡಿಗಳಲ್ಲಿ ಸಿಗುವ ಇಸಬ್‌ಗೋಲ್‌ಗೆ ಅದು ಹತ್ತಿರದ ನೆಂಟ. ಡೆನ್ಮಾರ್ಕಿನ ಯೋಹಾನೆಸ್ ಐವರ್ಸನ್ 1941ರಲ್ಲಿ ಇಂಥ ಪದರಗಳನ್ನೇ ಓದಿ, ಮೊದಲ ರೈತರು ಕಾಡು ಕಡಿದು ನೆಲ ಹಿಡಿದ ಗುರುತು ಇದೆಂದ.

ಕಲ್ಲಿನ ಕೊಡಲಿ ಹಿಡಿದ ಬೆರಳೆಣಿಕೆಯ ಜನ ಕಾಡನ್ನು ಏನು ಮಾಡಿಯಾರು ಎಂದು ಕೇಳುವವರಿದ್ದರು. 1950ರ ದಶಕದಲ್ಲಿ ಡೆನ್ಮಾರ್ಕಿನ ದ್ರಾವೆಡ್ ಕಾಡಿನಲ್ಲಿ ಇದನ್ನು ಪರೀಕ್ಷಿಸಿದರು. ಮೈಬಲ ಹಾಕಿ ಬೀಸಿದರೆ ಕೊಡಲಿ ಮುರಿಯುತ್ತಿತ್ತು. ಮೊಣಕೈಯಿಂದ ಸಣ್ಣ ಸಣ್ಣ ಏಟು ಹಾಕುವುದನ್ನು ಕಲಿತ ಮೇಲೆ ಮೂವರು ನಾಲ್ಕು ಗಂಟೆಗಳಲ್ಲಿ ಸುಮಾರು ಐದು ಗುಂಟೆ ಕಾಡನ್ನು ಬಯಲು ಮಾಡಿದರು. ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು: ಕೊಡಲಿ ಎಲ್ಮನ್ನೇ ಏಕೆ ಆರಿಸಿಕೊಂಡಿತು? ಇಷ್ಟು ವಿಶಾಲ ನಾಡಿನಲ್ಲಿ ಕೆಲವೇ ಶತಮಾನಗಳೊಳಗೆ ಒಂದೇ ಮರ ಬಿದ್ದದ್ದು ರೋಗದ ಲಕ್ಷಣ. 20ನೇ ಶತಮಾನದಲ್ಲಿ ಡಚ್ ಎಲ್ಮ್ ರೋಗ ಬ್ರಿಟನ್ನೊಂದರಲ್ಲೇ ಕೋಟ್ಯಂತರ ಮರಗಳನ್ನು ಕೊಂದದ್ದನ್ನು ಕಂಡವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಆ ರೋಗ ಹರಡುವ ದುಂಬಿಯ ಅವಶೇಷ ಲಂಡನ್ನಿನ ಹ್ಯಾಂಪ್‌ಸ್ಟೆಡ್ ಹೀತ್‌ನಲ್ಲಿ ಎಲ್ಮ್ ಕುಸಿತದ ಕಾಲದ ಕೆಸರಿನಲ್ಲೇ ಸಿಕ್ಕಿದೆ. ನಾನು ಈ ಆಕ್ಷೇಪವನ್ನು ಒಪ್ಪುತ್ತೇನೆ, ಆದರೆ ಅದರಿಂದ ರೈತ ಹೊರಗುಳಿಯುವುದಿಲ್ಲ. ಮೇವಿಗಾಗಿ ಸೊಪ್ಪು ಸವರಿದ ಮರ, ಅಂಚು ತೆರೆದ ಕಾಡು, ಎರಡೂ ರೋಗಕ್ಕೆ ಬಾಗಿಲು. ಎಲ್ಮ್ ಸತ್ತ ಜಾಗದಲ್ಲಿ ಕಾಡು ಮತ್ತೆ ಮುಚ್ಚಿಕೊಳ್ಳದಂತೆ ತಡೆದದ್ದಂತೂ ದನ ಮತ್ತು ನೇಗಿಲು. ಇಂದು ಮಧ್ಯ ಯುರೋಪಿನ ಗುರುತಾಗಿರುವ ಬೀಚ್ ಮರವೂ ತಂಪು, ತೇವ ಹೆಚ್ಚಿದ ಕಾಲದಲ್ಲಿ ಹಬ್ಬುತ್ತ, ಅನೇಕ ಕಡೆ ರೈತರು ಬಿಟ್ಟುಹೋದ ಹೊಲಗಳಲ್ಲೇ ನೆಲೆಯೂರಿತು.

ಪೋಲೆಂಡ್-ಬೆಲಾರುಸ್ ಗಡಿಯ ಬಿಯಾವೊವಿಯೆಜಾ ಕಾಡು ಮುಟ್ಟದ ಕಾಡಲ್ಲವೇ ಎಂದು ಕೇಳಬಹುದು. ಅದರೊಳಗೂ ಹಳೆಯ ಸಮಾಧಿ ದಿಬ್ಬಗಳಿವೆ. ಅದು ಉಳಿದದ್ದೇ ರಾಜರ ಬೇಟೆಗೆ ಕಾದಿಟ್ಟಿದ್ದರಿಂದ. ಉಳಿಸುವುದಕ್ಕೂ ಮನುಷ್ಯನ ತೀರ್ಮಾನ ಬೇಕಾಯಿತು. ಗಣಿಗಳ ಕುಲುಮೆಗೆ ಸೌದೆ ಮುಗಿಯುತ್ತಿದ್ದಾಗ, ಸ್ಯಾಕ್ಸನಿಯ ಗಣಿ ಅಧಿಕಾರಿ ಹಾನ್ಸ್ ಕಾರ್ಲ್ ಫಾನ್ ಕಾರ್ಲೋವಿಟ್ಸ್ 1713ರಲ್ಲಿ, ಬೆಳೆದಷ್ಟನ್ನೇ ಕಡಿಯಬೇಕೆಂಬ ತತ್ತ್ವವನ್ನು ಬರೆದಿಟ್ಟ. ಆ ವಿವೇಕದಿಂದ ಹುಟ್ಟಿದ ಜರ್ಮನ್ ಅರಣ್ಯಶಾಸ್ತ್ರ ಮುಂದೆ ಬೇಗ ಬೆಳೆಯುವ ಸ್ಪ್ರೂಸ್ ಒಂದನ್ನೇ ಸಾಲುಸಾಲಾಗಿ ನೆಟ್ಟಿತು. ಹಾರ್ಟ್ಸ್ ಬೆಟ್ಟಗಳಲ್ಲಿ ಸ್ಪ್ರೂಸ್ ಸಹಜವಾಗಿ ಬೆಳೆಯುವುದು ಎತ್ತರದ ನೆತ್ತಿಯಲ್ಲಿ. ಗಣಿಗಳಿಗಾಗಿ ಅದನ್ನು ಇಳಿಜಾರಿಗೆಲ್ಲ ಇಳಿಸಿದರು. 2018ರಿಂದ ಮೂರು ವರ್ಷ ಸತತ ಬರ ಬಿದ್ದಾಗ ತೊಗಟೆ ಕೊರೆಯುವ ದುಂಬಿಗಳು ಆ ಕಾಡನ್ನು ಬೂದು ಬಣ್ಣದ ಒಣ ಕಂಬಗಳನ್ನಾಗಿ ಮಾಡಿದವು. ಈಗ ಅಲ್ಲಿನ ಇಳಿಜಾರುಗಳಲ್ಲಿ ಬೀಚ್ ಸಸಿಗಳನ್ನು ನೆಡುತ್ತಿದ್ದಾರೆ.