ಹಳದಿ ಕ್ಯಾಲಿಪರಿಗೆ ಅಷ್ಟು ದುಡ್ಡೇಕೆ?

ಗಣಪತಿ ಹಬ್ಬ ಮುಗಿದ ಮೇಲಿನ ಭಾನುವಾರ ಬೆಳಿಗ್ಗೆ ಎಂಟಕ್ಕೇ ಗೆಳೆಯನ ಫೋನು ಬಂತು. ಹುಬ್ಬಳ್ಳಿಯ ಹಾಸ್ಟೆಲಿನಲ್ಲಿ ನಾಲ್ಕು ವರ್ಷ ಒಂದೇ ಕೋಣೆಯಲ್ಲಿದ್ದವರು ನಾವು. ಓದು ಮುಗಿಸಿ ಇಬ್ಬರೂ ಪುಣೆಗೆ ಬಂದೆವು. ಅವನು ಸಾಫ್ಟ್‌ವೇರಿಗೆ ಹೋದ, ನಾನು ಚಾಕಣದ ಕಡೆ ವಾಹನಗಳ ಬ್ರೇಕ್ ಮಾಡುವ ಕೆಲಸಕ್ಕೆ ಸೇರಿದೆ. ಯಾರು ದುಡ್ಡು ಮಾಡಿದರೆಂದು ಬೇರೆ ಹೇಳಬೇಕಿಲ್ಲ.

"ಮುಂಬೈನಾಗ ಎರಡು ಗಾಡಿ ನೋಡೀನಲೇ. ಎರಡೂ ಪೋರ್ಷೆ 911 ಕರೇರಾ ಎಸ್, ಎರಡೂ ಸೆಕೆಂಡ್ ಹ್ಯಾಂಡ್, ಓಡಿದ್ದೂ ಹೆಚ್ಚು ಕಡಿಮಿ ಅಷ್ಟ. ಒಂದಕ್ಕ ಕೆಂಪು ಕ್ಯಾಲಿಪರ್, ಇನ್ನೊಂದಕ್ಕ ಹಳದಿ. ಹಳದೀದಕ್ಕ ರೊಕ್ಕ ಭಾಳ ಹೇಳಾಕತ್ತಾರ. ಯಾವುದು ತಗೊಳ್ಳಿ?"

ಬ್ರೇಕ್ ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಹಿಡಿಕೆಯೇ ಕ್ಯಾಲಿಪರ್. ಈ ಕಾರಿನಲ್ಲಿ ಅದು ಕೆಂಪಗಿದ್ದರೆ ಒಳಗಿರುವುದು ಬೀಡುಕಬ್ಬಿಣದ ಡಿಸ್ಕ್. ಹಳದಿಯಾಗಿದ್ದರೆ ಸೆರಾಮಿಕ್ ಡಿಸ್ಕ್. ಹೊಸ ಕಾರು ಕೊಳ್ಳುವಾಗ ಅಮೆರಿಕದಲ್ಲಿ ಇದೊಂದಕ್ಕೇ ಎಂಟು ಸಾವಿರ ಡಾಲರಿಗೂ ಹೆಚ್ಚು ಕೊಡಬೇಕು. ಮುಂಬೈಯ ಆ ಎರಡು ಕಾರುಗಳ ಬೆಲೆಯಲ್ಲಿದ್ದ ವ್ಯತ್ಯಾಸದಲ್ಲಿ ಒಂದು ಒಳ್ಳೆಯ ಸಣ್ಣ ಕಾರೇ ಬರುತ್ತಿತ್ತು.

ಬೇಡವೆನ್ನಲು ಬಾಯಿ ತೆರೆಯುವಷ್ಟರಲ್ಲಿ ಅವನೇ ಹೇಳಿದ: "ಬ್ರೇಕ್ ವಿಷಯದಾಗ ಜುಗ್ಗತನ ಬ್ಯಾಡ. ನಮ್ಮಪ್ಪಂದು ನಿನಗ ಗೊತ್ತೈತಲ್ಲ."

ಗೊತ್ತಿತ್ತು. ಅವನ ಅಪ್ಪ, ನಾವೆಲ್ಲ ಕಾಕಾ ಅನ್ನುವವರು, ಹೊಸಪೇಟೆ ಕಡೆಯಿಂದ ಕಾರವಾರ ಬಂದರಿಗೆ ಅದಿರು ಸಾಗಿಸುವ ಲಾರಿಯ ಡ್ರೈವರ್. ಗೆಳೆಯ ಏಳನೇ ತರಗತಿಯಲ್ಲಿದ್ದಾಗ ಯಲ್ಲಾಪುರ ದಾಟಿ ಅರಬೈಲು ಘಾಟಿ ಇಳಿಯುವಾಗ ಲಾರಿಯ ಬ್ರೇಕ್ ಹಿಡಿಯಲಿಲ್ಲ. ಕಣಿವೆಗೆ ಬೀಳುವ ಬದಲು ಕಾಕಾ ಲಾರಿಯನ್ನು ಗುಡ್ಡಕ್ಕೆ ಗುದ್ದಿಸಿದರು. ಅವರ ಎಡಗಾಲು ಇಂದಿಗೂ ಕುಂಟು. ಕ್ಲೀನರ್ ಹುಡುಗ ಉಳಿಯಲಿಲ್ಲ. ಹಾಗಾಗಿ ಗೆಳೆಯನ ಪ್ರಶ್ನೆ ಬಣ್ಣದ ಶೋಕಿಯದಾಗಿರಲಿಲ್ಲ. ಎರಡು ದಿನ ಸಮಯ ಕೇಳಿದೆ.

ಮೊದಲು ಆ ಡಿಸ್ಕ್ ಏನೆಂದು ನೋಡೋಣ. ಸೆರಾಮಿಕ್ ಎಂದ ಕೂಡಲೇ ಉಪ್ಪಿನಕಾಯಿ ಜಾಡಿ ಕಣ್ಣಿಗೆ ಬರುತ್ತದೆ, ಆದರೆ ಇದು ಪಿಂಗಾಣಿಯಲ್ಲ. ಇಂಗಾಲದ ಸಣ್ಣ ನೂಲುಗಳನ್ನು ರಾಳದೊಂದಿಗೆ ಕಲಸಿ ಅಚ್ಚಿನಲ್ಲಿ ಒತ್ತುತ್ತಾರೆ. ಗಾಳಿ ಸೋಕದ ಕುಲುಮೆಯಲ್ಲಿ ಸುಟ್ಟಾಗ ರಾಳವೂ ಇಂಗಾಲವಾಗಿ, ಸಣ್ಣ ಸಣ್ಣ ರಂಧ್ರಗಳಿರುವ ತಟ್ಟೆ ಉಳಿಯುತ್ತದೆ. ಆಮೇಲೆ ಕರಗಿದ ಸಿಲಿಕಾನನ್ನು ಅದಕ್ಕೆ ಕುಡಿಸುತ್ತಾರೆ. ಸಿಲಿಕಾನ್ ಕರಗುವುದೇ 1414 ಡಿಗ್ರಿಯಲ್ಲಿ. ಒಳಗಿನ ಇಂಗಾಲದೊಂದಿಗೆ ಕೂಡಿ ಅದು ಸಿಲಿಕಾನ್ ಕಾರ್ಬೈಡ್ ಆಗುತ್ತದೆ. ಬಡಗಿಯ ಕಪ್ಪು ಪಾಲಿಶ್ ಪೇಪರಿನ ಮೇಲಿರುವ ಗಟ್ಟಿ ಪುಡಿಯೂ ಇದೇ ವಸ್ತು. ಪೋರ್ಷೆ ಈ ಬ್ರೇಕನ್ನು 2001ರಲ್ಲಿ 911 ಜಿಟಿ2 ಕಾರಿನೊಂದಿಗೆ ತಂದಿತು. ಫಾರ್ಮುಲಾ ಒನ್ ಕಾರುಗಳಲ್ಲಿರುವುದು ಬೇರೆ ಜಾತಿ, ಬರೀ ಇಂಗಾಲದ್ದು. ಅದು ಚೆನ್ನಾಗಿ ಬಿಸಿಯಾಗದೆ ಸರಿಯಾಗಿ ಹಿಡಿಯುವುದಿಲ್ಲ. ರಸ್ತೆಯ ಸೆರಾಮಿಕ್ ಡಿಸ್ಕ್ ತಣ್ಣಗಿದ್ದಾಗಲೂ ಹಿಡಿಯುತ್ತದೆ.

ಇದರ ಗುಣಗಳು ನಿಜವಾದವು. ಅಷ್ಟೇ ಗಾತ್ರದ ಕಬ್ಬಿಣದ ಡಿಸ್ಕಿನ ಸುಮಾರು ಅರ್ಧದಷ್ಟೇ ತೂಕ. ಚಕ್ರದ ಜೊತೆ ತಿರುಗುವ ಭಾರ ಇಳಿದರೆ ಸ್ಟೀರಿಂಗ್ ಹಗುರಾಗುತ್ತದೆ, ಹೊಂಡ ಹಾರುವಾಗ ಚಕ್ರ ಬೇಗ ನೆಲಕ್ಕೆ ಮರಳುತ್ತದೆ. ತುಕ್ಕು ಹಿಡಿಯುವುದಿಲ್ಲ. ಮುಂಬೈ ಮಳೆಯಲ್ಲಿ ಎರಡು ದಿನ ನಿಂತ ಕಾರಿನ ಕಬ್ಬಿಣದ ಡಿಸ್ಕ್ ಕಿತ್ತಳೆ ಬಣ್ಣಕ್ಕೆ ತಿರುಗುವುದನ್ನು ನೀವೂ ನೋಡಿರುತ್ತೀರಿ. ಇದರಲ್ಲಿ ಆ ಕಾಟವಿಲ್ಲ, ಚಕ್ರಕ್ಕೆ ಮೆತ್ತುವ ಕಪ್ಪು ಪುಡಿಯೂ ಕಡಿಮೆ. ಎಲ್ಲಕ್ಕಿಂತ ದೊಡ್ಡ ಗುಣವೆಂದರೆ ಎಷ್ಟು ಕಾದರೂ ಹಿಡಿತ ಸಡಿಲಾಗದಿರುವುದು.

ಹಾಗಾದರೆ ಕಾರು ಬೇಗ ನಿಲ್ಲುತ್ತದೆಯೇ? ಹೆಚ್ಚಿನವರು ಎಡವುವುದು ಇಲ್ಲೇ. ಒಂದು ಸಲ ಜೋರಾಗಿ ಬ್ರೇಕ್ ಒತ್ತಿದಾಗ ಕಾರು ಎಷ್ಟು ದೂರದಲ್ಲಿ ನಿಲ್ಲುತ್ತದೆ ಎಂಬುದನ್ನು ತೀರ್ಮಾನಿಸುವುದು ಡಿಸ್ಕ್ ಅಲ್ಲ, ಟೈರು. ಕಬ್ಬಿಣದ ಬ್ರೇಕಿಗೂ ಚಕ್ರವನ್ನು ಪೂರ್ತಿ ಕಟ್ಟಿಹಾಕುವ ಶಕ್ತಿ ಇದೆ. ಅದು ಜಾರದಂತೆ ತಡೆಯಲೆಂದೇ ಎಬಿಎಸ್ ಇರುವುದು. ಟೈರು ರಸ್ತೆಯನ್ನು ಎಷ್ಟು ಹಿಡಿಯಬಲ್ಲದೋ ಅದಕ್ಕಿಂತ ಹೆಚ್ಚು ಯಾವ ಬ್ರೇಕೂ ಕೊಡಲಾರದು. ಅಡ್ಡ ಬಂದ ನಾಯಿಯ ಮುಂದೆ ಕೆಂಪು ಕ್ಯಾಲಿಪರಿನ ಕಾರೂ ಹಳದಿ ಕ್ಯಾಲಿಪರಿನ ಕಾರೂ ಹೆಚ್ಚು ಕಡಿಮೆ ಒಂದೇ ಜಾಗದಲ್ಲಿ ನಿಲ್ಲುತ್ತವೆ.

ಅಂದರೆ ಸೆರಾಮಿಕ್‌ಗೆ ಕೊಡುವ ದುಡ್ಡು ಮೊದಲ ಬ್ರೇಕಿಗಲ್ಲ, ಇಪ್ಪತ್ತನೆಯ ಬ್ರೇಕಿಗೆ. ಆ ಇಪ್ಪತ್ತನೆಯದು ನಮ್ಮ ಬದುಕಿನಲ್ಲಿ ಎಲ್ಲಿ ಬರುತ್ತದೆ? ಕಾಗದ ತೆಗೆದು ಲೆಕ್ಕ ಹಾಕಿದೆ.

ಬ್ರೇಕ್ ಅಂದರೆ ಓಟವನ್ನು ಶಾಖವಾಗಿಸುವ ಯಂತ್ರ. ಜನ ಕುಳಿತ 911ರ ತೂಕ ಸುಮಾರು 1600 ಕಿಲೋ. 100 ಕಿಲೋಮೀಟರ್ ವೇಗದಿಂದ ಅದನ್ನು ನಿಲ್ಲಿಸಿದರೆ ಸುಮಾರು 0.6 ಮೆಗಾಜೂಲ್ ಶಾಖ. ಪುಣೆ-ಮುಂಬೈ ಎಕ್ಸ್‌ಪ್ರೆಸ್‌ವೇಯಲ್ಲಿ ಮಿತಿಯೇ 100, ಹಾಗಾಗಿ ಅಲ್ಲಿ ಇದೇ ದೊಡ್ಡ ಬ್ರೇಕು. ಇನ್ನು ಖಂಡಾಳಾ ಘಾಟು. ಲೋಣಾವಳಾದಿಂದ ಖೋಪೋಲಿಗೆ ಸುಮಾರು 500 ಮೀಟರ್ ಇಳಿತ. ಅಷ್ಟೂ ಭಾರವನ್ನು ಬ್ರೇಕೇ ಹೊತ್ತರೆ 7.8 ಮೆಗಾಜೂಲ್, ಅಂದರೆ 100ರಿಂದ ಹದಿಮೂರು ಸಲ ನಿಂತಂತೆ. ಕೇಳಲು ದೊಡ್ಡದು. ಆದರೆ ಅದು ಹತ್ತು ಹದಿನೈದು ನಿಮಿಷಕ್ಕೆ ಹಂಚಿಹೋಗುತ್ತದೆ, ಗೇರ್ ಇಳಿಸಿದರೆ ಬಹುಪಾಲನ್ನು ಎಂಜಿನ್ನೇ ನುಂಗುತ್ತದೆ.

ಈಗ ಗ್ರೇಟರ್ ನೋಯ್ಡಾದ ಬುದ್ಧ ಸರ್ಕ್ಯೂಟನ್ನು ನೋಡಿ. 2011ರಲ್ಲಿ ಫಾರ್ಮುಲಾ ಒನ್ ಓಡಿದ, ಐದು ಕಿಲೋಮೀಟರಿಗೂ ತುಸು ಹೆಚ್ಚು ಉದ್ದದ ಟ್ರ್ಯಾಕು. ಅಲ್ಲಿ ಒಂದು ಕಿಲೋಮೀಟರಿಗೂ ಉದ್ದದ ನೇರ ದಾರಿಯ ಕೊನೆಗೆ ಬಿಗಿಯಾದ ತಿರುವಿದೆ. 250ರಲ್ಲಿ ಬಂದ ಕಾರು 90ಕ್ಕೆ ಇಳಿಯಬೇಕು. ವೇಗ ಎರಡೂವರೆ ಪಟ್ಟಾದರೆ ಶಕ್ತಿ ಆರು ಪಟ್ಟಿಗೂ ಹೆಚ್ಚಾಗುತ್ತದೆ. ಆ ಒಂದೇ ತಿರುವಿಗೆ ಸುಮಾರು 3.4 ಮೆಗಾಜೂಲ್. ಗಾಳಿಯ ಪಾಲು ಕಳೆದರೂ, ಘಾಟಿನ ಅರ್ಧಕ್ಕೆ ಹತ್ತಿರದ ಶಾಖ ಐದು ಸೆಕೆಂಡಿನಲ್ಲಿ! ಮುಂದಿನ ಸುತ್ತಿನಲ್ಲಿ ಮತ್ತೆ ಅಷ್ಟೇ. ಸೆರಾಮಿಕ್ ಹುಟ್ಟಿದ್ದು ಈ ಕೆಲಸಕ್ಕೆ. ನಮ್ಮ ಎಕ್ಸ್‌ಪ್ರೆಸ್‌ವೇ, ನಮ್ಮ ಘಾಟು ಅದನ್ನು ಸರಿಯಾಗಿ ಬೆವರಿಸಲೂ ಆರವು.

ತಮಾಷೆಯೆಂದರೆ ಟ್ರ್ಯಾಕಿನಲ್ಲೇ ಬದುಕುವ ಕೆಲವರು ಸೆರಾಮಿಕ್ ಡಿಸ್ಕ್ ಬಿಚ್ಚಿ ಮನೆಯಲ್ಲಿಟ್ಟು ಕಬ್ಬಿಣ ಹಾಕಿಕೊಳ್ಳುತ್ತಾರೆ. ಪದೇಪದೇ ಕೆಂಪಗೆ ಕಾದರೆ ಒಳಗಿನ ಇಂಗಾಲದ ನೂಲು ನಿಧಾನವಾಗಿ ಸುಟ್ಟುಹೋಗುತ್ತದೆ. ಡಿಸ್ಕ್ ಸವೆದಂತೆ ಕಾಣುವುದಿಲ್ಲ, ತೂಕ ಮಾತ್ರ ಇಳಿದಿರುತ್ತದೆ. ಒಂದು ಡಿಸ್ಕ್ ಬದಲಿಸುವ ದುಡ್ಡಿಗೆ ಕಬ್ಬಿಣದವು ಹಲವು ಜೊತೆ ಬರುತ್ತವೆ.

ಹಳೆಯ ಕಾರು ಕೊಳ್ಳುವವರು ಇದನ್ನು ನೆನಪಿಡಬೇಕು. ಕಬ್ಬಿಣದ ಡಿಸ್ಕಿನ ದಪ್ಪ ಅಳೆದರೆ ಅದರ ಆಯಸ್ಸು ತಿಳಿಯುತ್ತದೆ. ಸೆರಾಮಿಕ್ ಡಿಸ್ಕನ್ನು ಬಿಚ್ಚಿ ತಕ್ಕಡಿಗೆ ಹಾಕಿ, ಅದರ ಮೇಲೆಯೇ ಬರೆದಿರುವ ಕನಿಷ್ಠ ತೂಕದೊಂದಿಗೆ ಹೋಲಿಸಬೇಕು, ಇಲ್ಲವೇ ಅದಕ್ಕೆಂದೇ ಇರುವ ಉಪಕರಣದಿಂದ ಪರೀಕ್ಷಿಸಬೇಕು. ಅಂಚು ಎಲ್ಲಾದರೂ ಚಕ್ಕೆ ಎದ್ದಿದೆಯೇ ಎಂದೂ ನೋಡಬೇಕು. ಪಂಕ್ಚರ್ ಅಂಗಡಿಯ ಹುಡುಗ ಚಕ್ರ ಬಿಚ್ಚುವಾಗ ರಿಮ್ಮು ಡಿಸ್ಕಿಗೆ ತಾಗಿದರೆ ಸಾಕು, ಚಕ್ಕೆ ಏಳಬಹುದು. ಮುಂಬೈಯ ಹಳದಿ ಕಾರಿನ ಡಿಸ್ಕನ್ನು ಬಿಚ್ಚಿ ತೂಗಿ ತೋರಿಸಿ ಎಂದು ಕೇಳಿದೆವು. ಮಾರುವವರು ಒಪ್ಪಲಿಲ್ಲ.

ಅಲ್ಲಿಗೆ ನನ್ನ ಮನಸ್ಸು ಗಟ್ಟಿಯಾಯಿತು. "ಕೆಂಪು ತಗೋ. ಉಳಿದ ರೊಕ್ಕದಾಗ ಹೊಸ ಟೈರು ಹಾಕಿಸು, ಟ್ರ್ಯಾಕಿಗೆ ಹೋಗು" ಎಂದೆ. ಅವನು ಒಪ್ಪಿದ, ಅರೆಮನಸ್ಸಿನಿಂದ.

ಜನವರಿಯಲ್ಲಿ ಕಾರನ್ನು ಟ್ರಕ್ಕಿಗೆ ಹಾಕಿ ಗ್ರೇಟರ್ ನೋಯ್ಡಾಕ್ಕೆ ಕಳಿಸಿದೆವು. ನಾನೂ ಹೋಗಿದ್ದೆ. ನಾಲ್ಕನೆಯ ಸುತ್ತಿನಲ್ಲಿ, ಅದೇ ನೇರ ದಾರಿಯ ಕೊನೆಗೆ, ಅವನ ಕಾರು ತಿರುವು ತೆಗೆದುಕೊಳ್ಳದೆ ಹೊರಗಿನ ಖಾಲಿ ಜಾಗಕ್ಕೆ ನುಗ್ಗಿತು. ಅಲ್ಲಿ ಜಾಗ ಧಾರಾಳ, ಯಾವುದಕ್ಕೂ ತಾಗಲಿಲ್ಲ. ಮೆಲ್ಲಗೆ ಪಿಟ್ಟಿಗೆ ತಂದು ನಿಲ್ಲಿಸಿ ಇಳಿದವನ ಕೈ ನಡುಗುತ್ತಿತ್ತು.

"ಪೆಡಲ್ ಒಳಗ ಹೋತಲೇ. ಎರಡು ಸಲ ಪಂಪ್ ಮಾಡಿದ ಮ್ಯಾಲೆ ಹಿಡೀತು. ನಿನ್ನ ಮಾತು ಕೇಳಿ ಕೆಂಪು ತಗೊಂಡೆ ನಾ."

ನನ್ನ ಬಾಯಿ ಒಣಗಿತು. ಡಿಸ್ಕ್ ತಣಿದ ಮೇಲೆ ಬಗ್ಗಿ ನೋಡಿದೆ. ತುಸು ನೀಲಿ ತಿರುಗಿತ್ತು, ಬಿರುಕಿಲ್ಲ. ಪ್ಯಾಡ್ ಬೇಕಾದಷ್ಟು ಉಳಿದಿತ್ತು. ಆಗ ಹೊಳೆಯಿತು. ಫೋನಿನಲ್ಲಿದ್ದ ಸರ್ವಿಸ್ ದಾಖಲೆ ತೆಗೆಸಿದೆ. ಬ್ರೇಕ್ ಆಯಿಲ್ ಬದಲಿಸಿ ಮೂರು ವರ್ಷ ದಾಟಿತ್ತು. ಟೈರು, ಪ್ಯಾಡ್, ಡಿಸ್ಕ್ ಎಲ್ಲ ಕೇಳಿದ್ದ ನಾನು ಇದೊಂದನ್ನು ಕೇಳಿರಲಿಲ್ಲ. ಬ್ರೇಕಿನಲ್ಲೇ ಕೂದಲು ನರೆತವನ ತಪ್ಪು.

ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಹೊಸ ಡಾಟ್ 4 ಆಯಿಲ್ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಎಂಬುದು ನಿಯಮ. ತೇವ ಕುಡಿದ ಆಯಿಲಿಗೆ ಆ ಮಿತಿ 155 ಡಿಗ್ರಿ. ಮೂರು ಮಳೆಗಾಲ ಕಂಡ ಆಯಿಲ್ ಯಾವ ಕಡೆಗಿರುತ್ತದೆಂದು ಹೇಳಬೇಕಿಲ್ಲ. ಕುದಿದರೆ ಗುಳ್ಳೆ ಏಳುತ್ತದೆ, ಗುಳ್ಳೆ ಒತ್ತಿದರೆ ಕುಗ್ಗುತ್ತದೆ, ಪೆಡಲ್ ನೆಲ ಮುಟ್ಟುತ್ತದೆ. ಹಳದಿ ಕ್ಯಾಲಿಪರಿನೊಳಗೂ ಓಡುವುದು ಇದೇ ಜಾತಿಯ ಆಯಿಲ್. ಲಕ್ಷಗಟ್ಟಲೆ ಸುರಿದಿದ್ದರೂ ಆ ಗುಳ್ಳೆಯನ್ನು ತಡೆಯುವ ಭರವಸೆ ಇರಲಿಲ್ಲ. ಕೆಲವು ಸಾವಿರ ರೂಪಾಯಿಯ ಕೆಲಸ ತಡೆಯುತ್ತಿತ್ತು.

ಅಲ್ಲಿದ್ದ ಮೆಕ್ಯಾನಿಕ್ ಹಳೆಯ ಆಯಿಲ್ ಪೂರ್ತಿ ತೆಗೆದು ಹೊಸದು ತುಂಬಿಸಿ ಬ್ಲೀಡ್ ಮಾಡಿಕೊಟ್ಟ. ಮಧ್ಯಾಹ್ನ ಗೆಳೆಯ ಮತ್ತೆ ಕಾರಿಗೆ ಹತ್ತಿದ. ಎರಡು ಸುತ್ತು ಜೋರಾಗಿ, ಒಂದು ಸುತ್ತು ಬ್ರೇಕನ್ನು ತಣಿಸುತ್ತ ನಿಧಾನವಾಗಿ. ಸಂಜೆಯವರೆಗೂ ಪೆಡಲ್ ಕಲ್ಲಿನಂತೆ ಗಟ್ಟಿಯಾಗಿತ್ತು. ಪಿಟ್ ಗೋಡೆಯ ಬಳಿ ನಿಂತ ನಾನು ಮಾತ್ರ ಪ್ರತಿ ಸಲವೂ ಉಸಿರು ಹಿಡಿದೇ ನೋಡಿದೆ.

ಪುಣೆಗೆ ಮರಳಿದ ಮೇಲೆ ಕಾಕಾಗೆ ಎಲ್ಲ ಹೇಳಿದೆವು, ನನ್ನ ತಪ್ಪನ್ನೂ ಸೇರಿಸಿ. ಕೇಳಿ ಸುಮ್ಮನೆ ಕೂತಿದ್ದವರು ಆಮೇಲೆ ಹೇಳಿದರು: "ನಂದೂ ಬ್ರೇಕ್ ಕೆಟ್ಟಿದ್ದಿಲ್ಲ ತಮ್ಮಾ. ಡೀಸೆಲ್ ಉಳೀಲಿ ಅಂತ ನ್ಯೂಟ್ರಲ್‌ನ್ಯಾಗ ಇಳಿಸಿದ್ದೆ. ಹತ್ತೋ ಗೇರಿನ್ಯಾಗ ಇಳೀಬೇಕು. ಡ್ರಮ್ಮು ಕಾದು ಕೆಂಡ ಆಗಿತ್ತು." ಇಷ್ಟು ವರ್ಷದಲ್ಲಿ ಆ ಮಾತನ್ನು ಅವರ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ಮಗನೂ ಅದನ್ನು ಮೊದಲ ಸಲ ಕೇಳಿದನೆಂದು ಅವನ ಮುಖ ನೋಡಿದರೆ ತಿಳಿಯುತ್ತಿತ್ತು.

ಹಾಗಾದರೆ ಸೆರಾಮಿಕ್ ಯಾರಿಗೆ? ತಿಂಗಳಿಗೆರಡು ಸಲ ಟ್ರ್ಯಾಕಿಗೆ ಹೋಗುವ, ಡಿಸ್ಕ್ ಬದಲಿಸುವ ಬಿಲ್ಲಿಗೆ ಹೆದರದವರಿಗೆ. ಇಲ್ಲವೇ ಚಕ್ರ ಹೊಳೆಯುತ್ತಿರಲಿ, ಸ್ಟೀರಿಂಗ್ ಹಗುರಾಗಿರಲಿ, ದುಡ್ಡಿನ ಚಿಂತೆಯಿಲ್ಲ ಎನ್ನುವವರಿಗೆ, ಅದೂ ತಪ್ಪಲ್ಲ. ಆದರೆ ಭಯಕ್ಕೆ ಮದ್ದೆಂದು ಕೊಳ್ಳುವುದಾದರೆ ಬೇಡ. ಒಳ್ಳೆಯ ಟೈರು, ಎರಡು ವರ್ಷಕ್ಕೊಮ್ಮೆ ಹೊಸ ಬ್ರೇಕ್ ಆಯಿಲ್, ಟ್ರ್ಯಾಕಿಗೆ ಹೋಗುವುದಾದರೆ ಅದಕ್ಕೂ ಮುಂಚೆ ಇನ್ನೊಮ್ಮೆ, ಘಾಟು ಇಳಿಯುವಾಗ ಕೆಳಗಿನ ಗೇರು: ನಿಮ್ಮದು 911 ಆಗಿರಲಿ, ಆಲ್ಟೋ ಆಗಿರಲಿ, ಭಯಕ್ಕೆ ಮದ್ದು ಇವೇ.

ಗೆಳೆಯನ ಕಾರಿನ ಕ್ಯಾಲಿಪರ್ ಇಂದಿಗೂ ಕೆಂಪೇ. ಪ್ರತಿ ಸಲ ಟ್ರ್ಯಾಕಿಗೆ ಹೊರಡುವ ಹಿಂದಿನ ದಿನ ಅವನಿಂದ ನನಗೊಂದು ಫೋಟೋ ಬರುತ್ತದೆ, ಏನೂ ಬರೆದಿರುವುದಿಲ್ಲ. ಅದರಲ್ಲಿರುವುದು ಬ್ರೇಕ್ ಆಯಿಲಿನ ಖಾಲಿ ಡಬ್ಬಿ.