ಅವಸರದ ಮದ್ದು, ನಿಧಾನದ ಮದ್ದು

ನಮ್ಮ ಮಡಕಶಿರಾ ಸೀಮೆಯಲ್ಲಿ ಕನ್ನಡದವರು ಮದ್ದು ಅಂದರೆ ತೆಲುಗಿನವರು ಮಂದು ಅಂತಾರೆ. ಎರಡು ಮಾತೂ ಔಷಧಿಗೂ ಸಲ್ಲುತ್ತವೆ, ಕೋವಿಗೆ ತುಂಬುವ ಪುಡಿಗೂ ಸಲ್ಲುತ್ತವೆ. ತೆಲುಗಿನಲ್ಲಿ ಹೆಂಡಸಾರಾಯಿಗೂ ಅದೇ ಹೆಸರು. ಮೂರರಲ್ಲೂ ಅಳತೆ ತಪ್ಪಿದರೆ ಆಗುವ ಗತಿ ನಿಮಗೆ ಗೊತ್ತೇ ಇದೆ.

ಕಡಲೆಕಾಯಿ ಹೊಲಕ್ಕೆ ಹಂದಿ ಬೀಳುವ ಕಾಲದಲ್ಲಿ ಬೆಳೆ ಕಾಯಲು ಲೈಸೆನ್ಸಿನ ಕೇಪಿನ ಕೋವಿ ಇಟ್ಟುಕೊಂಡವರು ಎರಡೂ ರಾಜ್ಯದ ಕಡೆ ಇದ್ದಾರೆ. ಅವರಲ್ಲಿ ಬಹಳ ಜನರ ನಂಬಿಕೆ ಒಂದೇ: ಏಟು ಜೋರಾಗಿ ಬೀಳಬೇಕಾದರೆ ಭಗ್ಗನೆ ಉರಿಯುವ ಮದ್ದೇ ಬೇಕು. ಇದು ತಪ್ಪು. ಎಷ್ಟು ತಪ್ಪು ಎಂಬುದನ್ನು ಅಮೆರಿಕದವರು ದೊಡ್ಡ ಬೋರಿನ ರಿವಾಲ್ವರುಗಳಲ್ಲಿ ಕಂಡುಕೊಂಡರು. ಅಲ್ಲಿ ಸುಟ್ಟ ತೋಟಾದ ಖಾಲಿ ಹಿತ್ತಾಳೆ ಕೋಶಕ್ಕೆ ಹೊಸ ಕೇಪು, ಮದ್ದು, ಸೀಸದ ಗುಂಡು ಕೂರಿಸಿ ಮನೆಯಲ್ಲೇ ತುಂಬಿಕೊಳ್ಳುವ ರೂಢಿ ಹಳೆಯದು. ನಮ್ಮ ದೇಶದಲ್ಲಿ 1959ರ ಆಯುಧ ಕಾಯಿದೆ ಪ್ರಕಾರ ಲೈಸೆನ್ಸಿಲ್ಲದೆ ತೋಟಾ ತಯಾರಿಸುವಂತಿಲ್ಲ. ಆದರೂ ಆ ವಿದ್ಯೆಯ ಹಿಂದಿನ ಲೆಕ್ಕ ನಮಗೂ ಬೇಕಾದ್ದೇ.

ಕೆಸರಲ್ಲಿ ಹೂತ ಗಾಡಿಯನ್ನು ಸುತ್ತಿಗೆಯಿಂದ ಹೊಡೆದು ಮುಂದಕ್ಕೆ ಕಳಿಸಲಾದೀತೇ? ಗಾಡಿ ಮುರಿಯುತ್ತೆ ಅಷ್ಟೆ. ನಾಲ್ಕು ಜನ ಹೆಗಲು ಕೊಟ್ಟು ಬಿಡದೆ ನೂಕಿದರೆ ಹೊರಡುತ್ತೆ. ಭಾರವಾದ ಗುಂಡಿನದೂ ಇದೇ ಕತೆ. ಅವಸರದ ಮದ್ದು ಗುಂಡು ಹೆಚ್ಚು ದೂರ ಸರಿಯುವ ಮೊದಲೇ ಬಹುಪಾಲು ಉರಿದು ಮುಗಿಯುತ್ತೆ. ಒತ್ತಡವೆಲ್ಲ ಸಿಲಿಂಡರಿನ ಗೋಡೆಯ ಮೇಲೆ ಬೀಳುತ್ತೆ. ನಿಧಾನದ ಮದ್ದು ಗುಂಡು ನಳಿಕೆಯಲ್ಲಿ ಓಡುತ್ತಿರುವಾಗಲೂ ಹಿಂದಿನಿಂದ ನೂಕುತ್ತಲೇ ಇರುತ್ತೆ. ಒತ್ತಡದ ತುದಿ ತಗ್ಗು, ವೇಗ ಹೆಚ್ಚು. 1860ರ ಸುಮಾರಿಗೆ ಥಾಮಸ್ ರಾಡ್‌ಮನ್ ಎಂಬ ಅಮೆರಿಕದ ಸೇನಾಧಿಕಾರಿ ದೊಡ್ಡ ಫಿರಂಗಿಗಳಿಗೆ ದಪ್ಪ ಕಾಳಿನ ಮದ್ದು ಮಾಡಿಸಿದ್ದು ಇದೇ ಕಾರಣಕ್ಕೆ. ಹಿಟ್ಟಿನಂಥ ಪುಡಿ ಒಮ್ಮೆಲೇ ಹತ್ತುತ್ತೆ, ದಪ್ಪ ಕಾಳು ಹೊರಗಿನಿಂದ ಒಳಕ್ಕೆ ತಡವಾಗಿ ಉರಿಯುತ್ತೆ. ಹೊಟ್ಟಿಗೂ ಹುಣಸೆ ಕೊರಡಿಗೂ ಇರುವ ವ್ಯತ್ಯಾಸ ನಮ್ಮ ಹೆಂಗಸರಿಗೆ ಯಾರೂ ಹೇಳಿಕೊಡಬೇಕಿಲ್ಲ.

ರಿವಾಲ್ವರಿನಲ್ಲಿ ಇದನ್ನು ಹಟ ಹಿಡಿದು ಸಾಧಿಸಿದವನು ಎಲ್ಮರ್ ಕೀತ್ (1899-1984). ಐಡಾಹೊ ಕಡೆಯ ದನಗಾಹಿ, ಆಮೇಲೆ ಬರಹಗಾರ. ನಮ್ಮಂತೆ ಹೊಲಮನೆಯಿಂದ ಬಂದು ಪೆನ್ನು ಹಿಡಿದವನಾದ್ದರಿಂದ ನನಗೆ ಅವನ ಮೇಲೆ ತುಸು ಪ್ರೀತಿ ಹೆಚ್ಚು. 1925ರ ಜುಲೈ 4ರಂದು ಅವನ ಕೈಯಲ್ಲೇ ಪಾಯಿಂಟ್ 45 ಕೋಲ್ಟ್ ರಿವಾಲ್ವರ್ ಸಿಡಿಯಿತು. ಸಿಲಿಂಡರಿನ ಮೇಲ್ಭಾಗವೇ ಹಾರಿಹೋಯಿತು. ಆಮೇಲೆ ಅವನು ಪಾಯಿಂಟ್ 44 ಸ್ಪೆಷಲ್ ಕಡೆಗೆ ತಿರುಗಿದ. ತೂತು ಕೊಂಚ ಸಣ್ಣದು, ಹಾಗಾಗಿ ತೂತಿನ ಸುತ್ತ ಉಳಿಯುವ ಉಕ್ಕು ದಪ್ಪ. 1930ರ ದಶಕದ ಆರಂಭದಲ್ಲಿ ಹರ್ಕ್ಯುಲಿಸ್ ಕಂಪನಿ 2400 ಎಂಬ ಮದ್ದು ತಂದಿತು. ಅದು ಮಾಡಿದ್ದು ಪಾಯಿಂಟ್ 22 ಹಾರ್ನೆಟ್ ಎಂಬ ಪುಟ್ಟ ರೈಫಲಿಗೆ. ಕೀತ್ ಅದನ್ನೇ ರಿವಾಲ್ವರಿಗೆ ಒಗ್ಗಿಸಿಕೊಂಡ. ವರ್ಷಗಟ್ಟಲೆ ಅವನು ಕಾಡಿದ ಮೇಲೆ, 1955ರಲ್ಲಿ ಸ್ಮಿತ್ ಅಂಡ್ ವೆಸನ್ ಮತ್ತು ರೆಮಿಂಗ್ಟನ್ ಕಂಪನಿಗಳು ಪಾಯಿಂಟ್ 44 ಮ್ಯಾಗ್ನಮ್ ಹೊರತಂದವು. ಅದರ ಕೋಶವನ್ನು ಬೇಕೆಂದೇ ಇಂಚಿನ ಎಂಟನೇ ಒಂದು ಪಾಲು ಉದ್ದ ಮಾಡಿದರು, ಹಳೆಯ ಬಡ ರಿವಾಲ್ವರಿನೊಳಗೆ ಅದು ಕೂರಲೇಬಾರದು ಅಂತ.

ಹಾಗಂತ ಎಷ್ಟು ನಿಧಾನವೋ ಅಷ್ಟು ಒಳ್ಳೆಯದು ಅಂದುಕೊಂಡರೂ ಕೆಟ್ಟಿತು. ದೊಡ್ಡ ಬೇಟೆಯ ರೈಫಲಿನ ಮದ್ದನ್ನು ರಿವಾಲ್ವರಿಗೆ ತುಂಬಿದರೆ ಗೇಣುದ್ದದ ನಳಿಕೆಯಲ್ಲಿ ಅದು ಉರಿಯಲು ಹೊತ್ತೇ ಸಾಲದು. ಮೂತಿಯಲ್ಲಿ ಬೆಂಕಿ ಬುಗ್ಗೆನ್ನುತ್ತೆ, ಬೇಯದ ಕಾಳು ಉದುರಿ ಸಿಲಿಂಡರಿನ ಕೀಲಿಗೆ ಸಿಕ್ಕಿಕೊಳ್ಳುತ್ತವೆ, ಗುಂಡಿಗೆ ವೇಗವೇ ಇರಲ್ಲ. ಒಪ್ಪುವುದು ರೈಫಲ್ ಮದ್ದುಗಳಲ್ಲೇ ಅತಿ ಚುರುಕಾದವು ಮಾತ್ರ. ಅವಕ್ಕೂ ಮುನಿಸು ಜಾಸ್ತಿ: ಭಾರದ ಗುಂಡು ಬೇಕು, ಕೋಶದ ಬಾಯಿ ಬಿಗಿಯಾಗಿ ಅಮುಕಿರಬೇಕು, ಕೋಶ ಬಹುಪಾಲು ತುಂಬಿರಬೇಕು. ಎಚ್ 110 ಎಂಬ ಮದ್ದಿಗೆ ಪಟ್ಟಿಯಲ್ಲಿ ಕೊಟ್ಟ ಅಳತೆಯಿಂದ ನೂರಕ್ಕೆ 3ಕ್ಕಿಂತ ಹೆಚ್ಚು ಇಳಿಸಬೇಡಿ ಅಂತ ಕಂಪನಿಯೇ ಹೇಳುತ್ತೆ. ಕಡಿಮೆ ಹಾಕಿದರೆ ಕ್ಷೇಮ ಅನ್ನುವ ನಮ್ಮ ಲೆಕ್ಕ ಇಲ್ಲಿ ನಡೆಯಲ್ಲ. ಅರೆಬರೆ ಹೊತ್ತಿ ಗುಂಡು ನಳಿಕೆಯಲ್ಲೇ ಸಿಕ್ಕಿಕೊಂಡರೆ, ತಿಳಿಯದೆ ಹೊಡೆದ ಮುಂದಿನ ಗುಂಡು ನಳಿಕೆಯನ್ನೇ ಸೀಳುತ್ತೆ. ಒಂದು ಉಪಕಾರವೂ ಉಂಟು. ಈ ಮದ್ದನ್ನು ಮೈಮರೆತು ಎರಡು ಸಲ ಹಾಕಿದರೆ ಕೋಶ ತುಂಬಿ ಚೆಲ್ಲುತ್ತೆ, ಕಣ್ಣಿಗೆ ಬೀಳುತ್ತೆ. ಅವಸರದ ಮದ್ದು ತಳದಲ್ಲಿ ಚಿಟಿಕೆಯಷ್ಟು ಇರುವುದರಿಂದ ಎರಡು ಪಾಲು ಬಿದ್ದರೂ ಕಾಣಲ್ಲ.

ಇನ್ನು ನಮ್ಮ ಹೊಲದ ಮಾತು. ಕೇಪಿನ ಕೋವಿ ಮಾಡಿದ್ದು ಕರಿಮದ್ದಿಗೆ. ಕೆಲವರು ಹನ್ನೆರಡು ಬೋರಿನ ತೋಟಾ ಬಿಚ್ಚಿ, ಅದರ ಹೊಗೆಯಿಲ್ಲದ ಮದ್ದನ್ನು ಕರಿಮದ್ದಿನ ಅಳತೆಯಲ್ಲೇ ನಳಿಕೆಗೆ ಸುರಿಯುತ್ತಾರೆ. "ಕರೆಂಟ್ ಮಂದು ಅನ್ನಾ, ಹೊಗೆ ಬರಲ್ಲ" ಅಂತ ಹೊಗಳಿಕೆ ಬೇರೆ. ಅದು ರಿವಾಲ್ವರಿನ ನಿಧಾನದ ಮದ್ದಿಗಿಂತಲೂ ಅವಸರದ್ದು. ಒತ್ತಡ ಏರಿದಷ್ಟೂ ಹೊಗೆಯಿಲ್ಲದ ಮದ್ದಿನ ಉರಿಯೂ ಏರುತ್ತೆ, ಉರಿ ಏರಿದಷ್ಟೂ ಒತ್ತಡ. ಕರಿಮದ್ದಿಗೆ ಆ ಹುಚ್ಚು ಅಷ್ಟಿಲ್ಲ. ನಮ್ಮ ಪಕ್ಕದ ಹಳ್ಳಿಯ ರೈತರೊಬ್ಬರು ಹಂದಿ ಬೆದರಿಸಲು, ಗುಂಡೂ ಹಾಕದೆ ಬರೀ ಚಿಂದಿ ಜಡಿದು ಹಾಗೆ ಹೊಡೆದರು. ನಳಿಕೆ ಕೇಪಿನ ಹತ್ತಿರ ಬಾಳೆಹೂವಿನಂತೆ ಬಿರಿಯಿತು. ಎಡಗೈಯಲ್ಲಿ ಈಗ ಎರಡು ಬೆರಳು. ಹಂದಿಗಳು ಮಾರನೇ ರಾತ್ರಿ ಮತ್ತೆ ಬಂದವು.